ಒಂದು ಪೈಪು ಬಿಸಿ, ಒಂದು ಪೈಪು ತಣ್ಣಗೆ

ರಾತ್ರಿ ಕಡ್ಡಿ ಗೀರಿದ ಸದ್ದಾಯಿತು.

ಸಣ್ಣ ಸದ್ದು. ನನ್ನ ನಿದ್ದೆ ಯಾವಾಗಲೂ ತೆಳು. ಸೂರಿನಲ್ಲಿ ಇಲಿ ಓಡಿದರೂ ಎಚ್ಚರವಾಗುತ್ತದೆ. ನಾನು ಮಲಗುವ ಜಾಗಕ್ಕೂ ಒಲೆಯ ಮೂಲೆಗೂ ನಡುವೆ ಇರುವುದು ಅಮ್ಮನ ಹಳೆಯ ಸೀರೆಯ ಪರದೆ. ಪರದೆಯ ಆಚೆ ಬೆಳಕು ಹೊತ್ತಿತು. ಆರಿತು. ಮತ್ತೆ ಗೀರಿದ ಸದ್ದು. ಮತ್ತೆ ಬೆಳಕು. ನನ್ನ ತಮ್ಮ ಜಗನ್ ಕದ್ದು ಬೀಡಿ ಸೇದುತ್ತಿದ್ದಾನೆ ಎಂದುಕೊಂಡೆ. ಬೀಡಿಯ ವಾಸನೆ ಬರಲಿಲ್ಲ. ಚರ್ಮ ಸುಟ್ಟ ವಾಸನೆ ಬಂತು.

ತಕ್ಷಣ ಏಳಲಿಲ್ಲ. ಏನೆಂದು ಗೊತ್ತಾಗಿತ್ತು. ಗೊತ್ತಾದದ್ದು ಸುಳ್ಳಾಗಲಿ ಎಂದು ಹಾಗೇ ಬಿದ್ದುಕೊಂಡಿದ್ದೆ.

ನಮ್ಮದು ಶಿಡ್ಲಘಟ್ಟದ ಹೊರಗಿನ ಕಾಲೋನಿ. ಅಮ್ಮ ಆಂಜಿನಮ್ಮ ಮದುವೆಯಾಗಿ ಬಂದಂದಿನಿಂದ ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುತ್ತಾಳೆ. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಆ ನೀರಿಗೆ ಬೆರಳಿಟ್ಟು ಎಳೆಯ ತುದಿ ಹುಡುಕಬೇಕು. ಮೊದಲು ಬೊಬ್ಬೆ ಬರುತ್ತದೆ. ಆಮೇಲೆ ಹುಣ್ಣು. ಆಮೇಲೆ ಏನೂ ಇಲ್ಲ. ಬೆರಳಿನ ತುದಿ ಸತ್ತುಹೋಗುತ್ತದೆ. ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಾಳೆ. ನಮ್ಮ ಮನೆಯಲ್ಲಿ ಮಸಿಬಟ್ಟೆ ಇರುವುದು ನನಗೆ ಮತ್ತು ಜಗನ್‌ಗೆ. ಜ್ವರ ಬಂದರೆ ಅಮ್ಮ ನಮ್ಮ ಹಣೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಾಳೆ. ಚಿಕ್ಕವಳಿದ್ದಾಗ ಎಲ್ಲ ಅಮ್ಮಂದಿರೂ ಹಾಗೇ ಮುಟ್ಟುತ್ತಾರೆ ಎಂದುಕೊಂಡಿದ್ದೆ.

ಅಮ್ಮನಿಗೆ ಇದ್ದದ್ದು ಒಂದೇ ಹಟ. "ನನ್ ಮಕ್ಳ ಬೆರಳು ಹಿಂಗಾಗ್ಬಾರ್ದು." ನನ್ನನ್ನು ಬಿ.ಎ. ಓದಿಸಿದಳು. ನಾನು ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಜಗನ್‌ಗೆ ಓದು ಹತ್ತಲಿಲ್ಲ. ಚಿಂತಾಮಣಿ ರಸ್ತೆಯಲ್ಲಿ ಕನಕರಾಜ್ ಎಂಬುವನ ಗ್ಯಾರೇಜು ಸೇರಿದ. ಕಾರಿನ ಏಸಿ ಕೆಲಸ ಕಲಿತ.

ಕಲಿತ ಎಂದೆ. ಅರ್ಧ ಕಲಿತ. ಉಳಿದರ್ಧ ಅವನಿಗೆ ಬಿಟ್ಟಿರಲಿಲ್ಲ.

ಏಸಿ ಕೆಲಸ ಬಾನೆಟ್ಟಿನ ಕೆಳಗೆ ಮುಗಿಯುವುದಿಲ್ಲ. ತಂಪು ಮಾಡುವ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ. ಅದನ್ನು ತೆಗೆಯಲು ಕಾರಿನ ಒಳಗೆ ಹೋಗಬೇಕು. ಸೀಟಿನ ಮೇಲೆ ಮಲಗಬೇಕು. ಎಲ್ಲಕ್ಕಿಂತ ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ದೇವರನ್ನು ಎತ್ತಿಡಬೇಕು. ನಮ್ಮ ಕಡೆಯ ಕಾರುಗಳಲ್ಲಿ ದೇವರಿಲ್ಲದ ಡ್ಯಾಶ್‌ಬೋರ್ಡು ಕಡಿಮೆ. ಜಗನ್ ದೇವರನ್ನು ಮುಟ್ಟುವಂತಿರಲಿಲ್ಲ. ಕಾರು ಬಂದರೆ ಕನಕರಾಜ್ ಕೈ ತೊಳೆದು ಬಂದು ದೇವರನ್ನು ಎತ್ತುತ್ತಿದ್ದ. ಆಮೇಲೆ ಸೀಟಿಗೆ ಒಂದು ಗೋಣಿ ಹಾಸುತ್ತಿದ್ದರು. ಉಳಿದ ಮೆಕ್ಯಾನಿಕ್ಕುಗಳಿಗೆ ಹಾಸುವ ಪ್ಲಾಸ್ಟಿಕ್ ಬೇರೆ. ಜಗನ್‌ಗೆ ಹಾಸುವ ಗೋಣಿ ಬೇರೆ. ಅದು ಟೈರುಗಳ ಹಿಂದೆ ಬಿದ್ದಿರುತ್ತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವನು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ, ಗ್ಯಾಸ್ ತುಂಬುತ್ತಿದ್ದ. ಆಮೇಲೆ ಕೆಳಗಿಳಿದು ಬದಿಗೆ ನಿಲ್ಲುತ್ತಿದ್ದ. ಕನಕರಾಜ್ ಒಳಗೆ ಕೂತು ಗ್ಲಾಸ್ ಏರಿಸಿ ತಂಪು ಬರುತ್ತಿದೆಯೇ ನೋಡುತ್ತಿದ್ದ. ಕಾರಿನವನೂ ಕೂರುತ್ತಿದ್ದ. ಒಳಗಿಂದ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು.

ಜಗನ್ ಸರಿಮಾಡಿದ ಏಸಿಗಳ ತಂಪು ಜಗನ್‌ಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಪೈಪುಗಳು.

"ಬಾನೆಟ್ ಎತ್ತಿ ಎರಡು ಪೈಪು ಹಿಡ್ಕೋಬೇಕು ಅಕ್ಕ," ಎನ್ನುತ್ತಿದ್ದ. "ಒಂದು ಸುಡ್ಬೇಕು. ಒಂದು ತಣ್ಣಗೆ ಬೆವರ್ಬೇಕು. ಹಂಗಿದ್ರೆ ಒಳಗೆ ಚಳಿ ಬರ್ತದೆ ಅಂತ ಅರ್ಥ."

"ಬರುತ್ತೆ ಅಂತ ನಿಂಗೆ ಹೆಂಗೋ ಗೊತ್ತು?"

"ಬೆರಳು ಹೇಳ್ತದೆ."

ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ ಅದು. ಊರೂರಿನ ಕಾರುಗಳು ಟ್ಯಾಕ್ಸಿಯಾದವು. ಏಸಿ ಇಲ್ಲದ ಟ್ಯಾಕ್ಸಿಯನ್ನು ಯಾರೂ ಕರೆಯುತ್ತಿರಲಿಲ್ಲ. ಹಳೆಯ ಗ್ಯಾಸ್ ನಿಲ್ಲಿಸಬೇಕು, ಅದು ಆಕಾಶದ ಪದರವನ್ನು ಕೆಡಿಸುತ್ತದೆ, ಹೊಸ ಗ್ಯಾಸಿನ ಕೆಲಸ ಕಲಿಯಿರಿ ಎಂದು ಚಿಕ್ಕಬಳ್ಳಾಪುರದ ಒಂದು ತರಬೇತಿ ಕೇಂದ್ರದಲ್ಲಿ ತರಗತಿ ಇಟ್ಟರು. ಕೊನೆಗೆ ಪರೀಕ್ಷೆ. ಪಾಸಾದರೆ ಸರ್ಟಿಫಿಕೇಟು. ಸರ್ಟಿಫಿಕೇಟು ಇದ್ದವರಿಗೆ ಏರ್‌ಪೋರ್ಟ್ ಟ್ಯಾಕ್ಸಿಗಳ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ.

"ಅಲ್ಲಿ ಯಾರ ಕಾರು ಅಂತ ಯಾರಿಗೂ ಗೊತ್ತಿರಲ್ಲ ಅಕ್ಕ," ಎಂದ ಜಗನ್. "ಮಾಡೋನು ಯಾರು ಅಂತಾನೂ ಯಾರೂ ಕೇಳಲ್ಲ. ನಂಬರ್ ಕೂಗ್ತಾರೆ, ಹೋಗಿ ಮಾಡೋದು."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಯಾರೂ ಕೇಳದ ಒಂದು ಜಾಗ.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಸಂಜೆ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವನು ಕೇಳಿಸಿಕೊಂಡು ಅದನ್ನೇ ಗ್ಯಾರೇಜಿನ ಭಾಷೆಯಲ್ಲಿ ನನಗೆ ತಿರುಗಿ ಹೇಳುತ್ತಿದ್ದ. ಒಂದು ದಿನ ತರಬೇತಿಯಿಂದ ಬರುವಾಗ ದಪ್ಪನೆಯ ಗ್ಲೌಸು ತಂದ.

"ಗ್ಯಾಸು ಸಿಲಿಂಡರ್ ಒಳಗೆ ನೀರಿನ ಥರ ಇರ್ತದಮ್ಮ. ಕೈ ಮೇಲೆ ಬಿದ್ರೆ ಸುಡ್ತದೆ."

"ತಣ್ಣಗಿರೋದು ಹೆಂಗಪ್ಪ ಸುಡ್ತದೆ?" ಎಂದಳು ಅಮ್ಮ.

"ಸುಡ್ತದೆ. ಚರ್ಮ ಬೆಳ್ಳಗೆ ಕಲ್ಲಾಗೋಗ್ತದಂತೆ. ಅದಕ್ಕೇ ಎಲ್ರಿಗೂ ಕೊಟ್ರು."

ಅಮ್ಮ ಗ್ಲೌಸನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ತಾನೇ ಹಾಕಿಕೊಂಡಳು. "ಕೈಗೆ ಗೌಸು ಕೊಡೋ ಕೆಲ್ಸ! ನಿಮ್ಮಪ್ಪ ಇದ್ದಿದ್ರೆ ಕೇರಿಗೆಲ್ಲ ತೋರಿಸ್ಕೊಂಡು ಬರೋನು." ಆಮೇಲೆ ಗ್ಲೌಸಿನ ಬೆರಳುಗಳನ್ನು ಆಡಿಸಿ ನಕ್ಕಳು. "ನಾನು ಇದ್ ಹಾಕ್ಕೊಂಡು ಕೂತ್ರೆ ಒಂದ್ ಎಳೆನೂ ಸಿಗಲ್ಲ. ಮೇಸ್ತ್ರಿ ಓಡಿಸ್ತಾನೆ."

ಅಂದು ರಾತ್ರಿ ಗ್ಲೌಸನ್ನು ಬುದ್ಧನ ಪಟದ ಕೆಳಗೆ ಇಟ್ಟಳು.

ಪಟ ಅಪ್ಪ ತಂದದ್ದು. ಅಪ್ಪನ ಹೆಸರು ವೆಂಕಟರವಣಪ್ಪ. ಹೆಸರು ವೆಂಕಟರವಣಸ್ವಾಮಿಯದೇ ಆದರೂ ಆ ದೇವರ ಗುಡಿಯೊಳಗೆ ಒಂದು ದಿನವೂ ಕಾಲಿಡಲಾಗಲಿಲ್ಲ. ಕೊನೆಗೆ ಬೇಸತ್ತು ಬುದ್ಧನ ದಾರಿ ಹಿಡಿದ. ನನಗೆ ಸಂಘಮಿತ್ರ ಎಂದು ಹೆಸರಿಟ್ಟ. ತಮ್ಮನ ಹೆಸರನ್ನು ಅಮ್ಮ ಆರಿಸಿದಳು. ಅಪ್ಪ ಹೋಗಿ ಬಹಳ ಕಾಲವಾಗಿದೆ.

ಪರೀಕ್ಷೆಗೆ ಕೆಟ್ಟ ಏಸಿಯ ಕಾರುಗಳು ಬೇಕಿದ್ದವು. ಗ್ಯಾರೇಜಿನವರೇ ಕಳಿಸಿದರೆ ಪುಕ್ಕಟೆ ಸರಿಯಾಗುತ್ತದೆ ಎಂದರು. ಕನಕರಾಜ್ ಚೆನ್ನರಾಯಪ್ಪನ ಕ್ವಾಲಿಸ್ ಕಳಿಸಿದ. ಚೆನ್ನರಾಯಪ್ಪ ನಮ್ಮ ಹೋಬಳಿಯ ದೊಡ್ಡ ಕುಳ. ದ್ರಾಕ್ಷಿ ತೋಟ, ಟ್ರಾವೆಲ್ಸ್ ಎರಡೂ ಇದ್ದವು. ಕನಕರಾಜನ ಗ್ಯಾರೇಜು ನಿಂತಿದ್ದದ್ದು ಅವನ ಜಾಗದಲ್ಲಿ. ಆ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅವರ ಮನೆದೇವರು ವೆಂಕಟರವಣಸ್ವಾಮಿ ಇತ್ತು. ಬೆರಳುದ್ದದ ಹಿತ್ತಾಳೆ ವಿಗ್ರಹ. ಕೆಳಗೆ ಗಮ್ ಟೇಪು.

ಮೊದಲ ಪರೀಕ್ಷೆಯ ದಿನ ಜಗನ್ ಬೇಗ ಮನೆಗೆ ಬಂದ. ಮುಖ ನೋಡಿ ಅಮ್ಮ ಏನೂ ಕೇಳದೆ ನೀರು ಕೊಟ್ಟಳು. ನಾನು ಕೇಳಿದೆ.

"ಫೇಲು," ಎಂದ.

"ಯಾವುದು ತಪ್ಪಾಯ್ತು?"

"ಯಾವುದೂ ಇಲ್ಲ. ಶುರುನೇ ಮಾಡ್ಲಿಲ್ಲ."

"ಯಾಕೋ?"

"ಸ್ವಾಮಿ ಇತ್ತಕ್ಕ. ಬಾಗ್ಲು ತೆಗ್ದೆ. ನಿಂತೆ. ಯಾರಾದ್ರೂ ಬಂದು ಎತ್ತಿಡ್ತಾರೆ ಅಂತ ನಿಂತೆ."

ಪಕ್ಕದ ಕಾರುಗಳ ಹುಡುಗರು ಡ್ಯಾಶ್‌ಬೋರ್ಡ್ ಬಿಚ್ಚಿ ಮುಗಿಸಿದ್ದರಂತೆ. ಪರೀಕ್ಷೆಗೆ ಬಂದ ಮಧುಸೂದನ್ ಎಂಬ ಬೆಂಗಳೂರಿನ ಮೇಷ್ಟ್ರು ಎರಡು ಸಲ ಬಂದು ಕೇಳಿದರಂತೆ, "ಯಾಕ್ರೀ ನಿಂತಿದ್ದೀರಾ? ಕಾರು ನೋಡಿಲ್ವಾ?" ಇವನು "ಮಾಡ್ತೀನಿ ಸಾರ್" ಎಂದನಂತೆ. ಮತ್ತೆ ನಿಂತನಂತೆ. ಯಾರೋ ನಕ್ಕರು. ಸಮಯ ಮುಗಿಯಿತು.

"ಎತ್ತಿಡ್ಬೇಕಿತ್ತು ಕಣೋ. ಅಲ್ಲಿ ಯಾರಿದ್ರು ನೋಡೋಕೆ?"

"ಯಾರೂ ಇರ್ಲಿಲ್ಲ."

"ಮೇಷ್ಟ್ರಿಗೆ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ಕಾರಣ ಹೇಳಿದ್ರೆ ಜಾತಿ ಹೇಳ್ಬೇಕು. ಅಲ್ಲಿರೋರೆಲ್ಲ ನನ್ ಜತೆ ಕೂತು ಊಟ ಮಾಡ್ತಿದ್ರು." ತನ್ನ ಕೈ ನೋಡಿಕೊಂಡ. "ಎತ್ತಣ ಅಂತಾನೇ ಇದ್ದೆ ಅಕ್ಕ. ಕೈ ಹೋಗ್ಲಿಲ್ಲ."

ಮರುದಿನ ಗ್ಯಾರೇಜಿನಲ್ಲಿ ಕನಕರಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಮ್ರಾ ಜಗನ್, ಪರೀಕ್ಷೆ ಬರಿ ಅಂದ್ರೆ ಸ್ವಾಮಿಗೆ ಕಾವಲು ಕಾದು ಬಂದ್ಯಂತೆ? ದಕ್ಷಿಣೆ ಕೊಟ್ರಾ?" ಜಗನ್ ಇದನ್ನು ಮನೆಯಲ್ಲಿ ಹೇಳಿ ತಾನೂ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಫೇಲಾದವರಿಗೆ ಇನ್ನೊಂದು ಅವಕಾಶ ಇತ್ತು. ಕಾರು ಅದೇ. ಏಸಿ ಇನ್ನೂ ಸರಿಯಾಗಿರಲಿಲ್ಲ. ಚೆನ್ನರಾಯಪ್ಪನೂ ಅವಸರ ಮಾಡುತ್ತಿದ್ದ. ಅಂದು ನಾನು ಶಾಲೆಗೆ ರಜೆ ಹಾಕಿ ಜಗನ್ ಜೊತೆ ಹೋದೆ. ಕೇಂದ್ರದ ಜಗಲಿಯ ಕಂಬದ ಹಿಂದೆ ಕೂತೆ. ಅವನಿಗೆ ಕಾಣದಂತೆ ಕೂತಿದ್ದೆ. ಕಂಡರೆ ಅವನ ಗಮನ ತಪ್ಪೀತು ಎಂಬ ಭಯ ನನಗೆ.

ಜಗನ್ ಬಾಗಿಲು ತೆಗೆದ. ನಿಂತ.

ಎತ್ತು, ಎತ್ತು ಎಂದು ಒಳಗೇ ಹೇಳುತ್ತಿದ್ದೆ.

ಅವನು ಜೇಬಿನಿಂದ ಕರ್ಚೀಫು ತೆಗೆದ. ಅಮ್ಮ ಒಗೆದು ಮಡಿಸಿಟ್ಟದ್ದು. ಅದನ್ನು ಹಿಂದಿನ ಸೀಟಿನ ಮೇಲೆ ಹಾಸಿದ. ಒಳಗೆ ಬಗ್ಗಿದ. ಎರಡೂ ಕೈಯಲ್ಲಿ ವಿಗ್ರಹ ಹಿಡಿದು ನಿಧಾನವಾಗಿ ಕಿತ್ತ. ಮಗುವನ್ನು ಮಲಗಿಸುವಂತೆ ಕರ್ಚೀಫಿನ ಮೇಲೆ ಇಟ್ಟ. ಸ್ಕ್ರೂ ಡ್ರೈವರ್ ತೆಗೆದುಕೊಂಡ.

ಆಮೇಲೆ ಅವನು ಯಾವ ಕಡೆಯೂ ನೋಡಲಿಲ್ಲ. ಡ್ಯಾಶ್‌ಬೋರ್ಡು ಕಳಚಿ ಬಂತು. ಕಾಯಿಲ್ ಬಂತು. ಸೋಪಿನ ನೊರೆ ಹಚ್ಚಿ ಗುಳ್ಳೆ ಬರುವ ಜಾಗ ಹುಡುಕಿದ. ಬದಲಿಸಿದ. ಕಟ್ಟಿದ. ಗ್ಲೌಸು ಹಾಕಿ ಗ್ಯಾಸ್ ತುಂಬಿದ. ಗ್ಲೌಸು ಬಿಚ್ಚಿ ಬಾನೆಟ್ಟಿನ ಕೆಳಗೆ ಎರಡು ಪೈಪು ಹಿಡಿದು ಕಣ್ಣು ಮುಚ್ಚಿ ನಿಂತ. ಆಮೇಲೆ ಹಳೆಯ ರೂಢಿಯಂತೆ ಬದಿಗೆ ಸರಿದ.

"ಯಾಕ್ರೀ?" ಎಂದರು ಮಧುಸೂದನ್. "ಒಳಗೆ ಕೂತ್ಕೊಳ್ಳಿ. ಗ್ಲಾಸ್ ಏರಿಸಿ. ಥರ್ಮಾಮೀಟರ್ ಹಿಡಿದು ನೀವೇ ಓದಿ ಹೇಳ್ಬೇಕು."

ಜಗನ್ ಕೂತ. ಗ್ಲಾಸು ಏರಿತು. ಗ್ಲಾಸಿನ ಹಿಂದೆ ಅವನ ಮುಖ ಕಾಣುತ್ತಿತ್ತು. ಅವನು ಥರ್ಮಾಮೀಟರ್ ನೋಡುವುದು ಬಿಟ್ಟು ಗಾಳಿಗೆ ಮುಖ ಒಡ್ಡಿದ್ದ. ಮಧುಸೂದನ್ ಗ್ಲಾಸು ತಟ್ಟಬೇಕಾಯಿತು.

ಪಾಸು. ಸರ್ಟಿಫಿಕೇಟು ಅಂಚೆಯಲ್ಲಿ ಬರುತ್ತದೆ ಎಂದರು.

ಕಾರನ್ನು ಗ್ಯಾರೇಜಿಗೆ ಮುಟ್ಟಿಸಬೇಕಿತ್ತು. ಜಗನ್ ವಿಗ್ರಹವನ್ನು ಅದರ ಜಾಗದಲ್ಲಿ ಅಂಟಿಸಿದ. ಅದರ ಮುಖವನ್ನು ಕರ್ಚೀಫಿನಿಂದ ಒರೆಸಿದ. ನನಗೆ ಮುಂದಿನ ಬಾಗಿಲು ತೆಗೆದ. ನಾನು ಸೆರಗು ಒಟ್ಟುಮಾಡಿಕೊಂಡು ಸೀಟಿನ ತುದಿಯಲ್ಲಿ ಕೂತೆ.

"ಸರಿಯಾಗ್ ಕೂತ್ಕೋ ಅಕ್ಕ. ಗೋಣಿ ಇಲ್ಲ ನೋಡು."

ಬಿಸಿಲು ಸುಡುತ್ತಿತ್ತು. ದ್ರಾಕ್ಷಿ ತೋಟಗಳ ಮೇಲೆ ಧೂಳು ಕೂತಿತ್ತು. ರಸ್ತೆಯಲ್ಲಿ ಗೂಡಿನ ಚೀಲ ಹೊತ್ತ ಹೆಂಗಸರು ತಲೆ ತಗ್ಗಿಸಿ ನಡೆಯುತ್ತಿದ್ದರು. ಗ್ಲಾಸಿನ ಒಳಗೆ ನಮಗೆ ಚಳಿ. ಅವನು ಮತ್ತೆ ಮತ್ತೆ ಕೇಳಿದ, "ಚಳಿ ಆಗ್ತಿದ್ಯಾ ಅಕ್ಕ? ಕಮ್ಮಿ ಮಾಡ್ಲಾ?" ಹಾಗೆ ಕೇಳುವುದೇ ಅವನಿಗೆ ಖುಷಿ. ನಾನು "ಬೇಡ" ಎಂದಾಗಲೆಲ್ಲ ನಗುತ್ತಿದ್ದ.

"ಹಿಂಗಿರ್ತದೆ ನೋಡು," ಎಂದ. "ಇಷ್ಟು ವರ್ಷ ಹಿಂಗಿರ್ತಿತ್ತು."

ಸ್ವಲ್ಪ ದೂರ ಹೋದ ಮೇಲೆ ವಿಗ್ರಹದ ಕಡೆ ಗಲ್ಲ ಎತ್ತಿ ತೋರಿಸಿದ. "ಅಪ್ಪನ ಹೆಸರಿನೋನು. ಒಂದ್ ಮಾತೂ ಆಡ್ಲಿಲ್ಲ ಅಕ್ಕ. ಸುಮ್ನೆ ಬಂದ ಕೈಗೆ."

ಗ್ಯಾರೇಜಿನ ಮುಂದೆ ಚೆನ್ನರಾಯಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಡ್ರೈವರ್ ವೆಂಕಟೇಶ್ ಪಕ್ಕದಲ್ಲಿದ್ದ. ಮುಂದಿನ ಸೀಟಿನಿಂದ ನಾನು ಇಳಿದದ್ದನ್ನು ಚೆನ್ನರಾಯಪ್ಪ ನೋಡಿದ. ಮೇಲಿಂದ ಕೆಳಗೆ ನೋಡಿದ.

"ಅಕ್ಕ ತಮ್ಮ ಇಬ್ರೂ ತಂಪಾಗಿ ಬಂದ್ರಾ?"

ಅವನು ಕಾರಿನೊಳಗೆ ಬಗ್ಗಿದ. ಗಾಳಿಗೆ ಕೈ ಒಡ್ಡಿದ. ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ವಿಗ್ರಹದ ಮೇಲೆ ಕಣ್ಣು ಬಿತ್ತು. ಅದು ಹಳೆಯ ಟೇಪಿನ ಗುರುತಿಗಿಂತ ಕೂದಲೆಳೆಯಷ್ಟು ಪಕ್ಕಕ್ಕಿತ್ತು.

"ಸ್ವಾಮಿನ ಯಾರು ಎತ್ತಿದ್ದು?"

ಕನಕರಾಜ್ ಓಡಿ ಬಂದ. "ಮೇಷ್ಟ್ರು ಎತ್ತಿರ್ತಾರೆ ಯಜಮಾನ್ರೇ. ಅವರದ್ದೇ ಎಲ್ಲ. ಅಲ್ವೇನೋ ಜಗನ್? ಮೇಷ್ಟ್ರು ಅಲ್ವಾ?" ಕಣ್ಣು ಹೊಡೆದ. ಹೇಳು ಎಂದು ಬೇಡುವಂತಿತ್ತು ಅವನ ಮುಖ.

ಒಂದು ಸುಳ್ಳು ಸಾಕಿತ್ತು. ಒಂದೇ ಪದ. ಹೂಂ.

"ನಾನೇ ಎತ್ತಿದ್ದು," ಎಂದ ಜಗನ್.

"ಏ ಚೆಯ್ಯಿರಾ?" ಎಂದ ಚೆನ್ನರಾಯಪ್ಪ. ಅವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಯಾವ ಕೈಯಲ್ಲಿ ಎತ್ತಿದೆ?"

"ಎರಡೂ ಕೈಯಲ್ಲಿ. ದೇವ್ರನ್ನ ಒಂದು ಕೈಯಲ್ಲಿ ಎತ್ತಾರಾ?"

ಎದುರಿನ ಟೀ ಅಂಗಡಿಯಲ್ಲಿ ಲೋಟಗಳ ಸದ್ದು ನಿಂತಿತು.

"ಕಾಲು ಹಿಡ್ಕೊಂಡ್ಬಿಡೋ," ಎಂದ ಕನಕರಾಜ್ ಮೆಲ್ಲಗೆ. "ತಪ್ಪಾಯ್ತು ಅನ್ನು. ಮುಗ್ದೋಗ್ತದೆ."

"ಏನು ತಪ್ಪು ಅಣ್ಣ? ಎತ್ತದೆ ಡ್ಯಾಶ್‌ಬೋರ್ಡ್ ಬಿಚ್ಚಾಕಾಗಲ್ಲ. ನೀನೇ ಹೇಳ್ಕೊಟ್ಟಿದ್ದು. ಅದು ನಮ್ಮಪ್ಪನ ಹೆಸರಿಟ್ಕೊಂಡಿರೋ ದೇವ್ರು. ನಾನು ಕಾಲು ಹಿಡಿಯಲ್ಲ."

ಚೆನ್ನರಾಯಪ್ಪ ಕೂಗಾಡಲಿಲ್ಲ. ಹೊಡೆಯಲೂ ಇಲ್ಲ. ಯೋಚಿಸಿದ. ಅದನ್ನು ನಾನು ಈಗಲೂ ಮರೆತಿಲ್ಲ. ಅವನು ಕುರ್ಚಿಯಲ್ಲಿ ಕೂತು, ತೋಟಕ್ಕೆ ಯಾವ ಔಷಧಿ ಹೊಡೆಸಲಿ ಎಂಬಂತೆ ಯೋಚಿಸಿದ.

"ಹೊಡೆದ್ರೆ ಕೇಸ್ ಹಾಕ್ತಾರೆ ಇವ್ರು," ಎಂದ. "ಗ್ಯಾಸ್ ಕೆಲ್ಸ ಮಾಡೋನಿಗೆ ಗ್ಯಾಸಿಂದ ಏನಾದ್ರೂ ಆದ್ರೆ ಯಾರೇನ್ ಕೇಳ್ತಾರೆ? ಕನಕರಾಜು, ಸಿಲಿಂಡರ್ ತಗೊಂಬಾ."

"ಯಜಮಾನ್ರೇ..."

"ಜಾಗ ಬೇಕಾ, ಬೇಡ್ವಾ?"

ಕನಕರಾಜ್ ಸಿಲಿಂಡರ್ ತಂದ. ತಲೆಕೆಳಗು ಮಾಡಿ ಹಿಡಿದ. ತಲೆಕೆಳಗಾದರೆ ಗಾಳಿಯಲ್ಲ, ಆ ನೀರಿನಂಥ ಗ್ಯಾಸೇ ಬರುತ್ತದೆ. ಅವನಿಗೆ ಗೊತ್ತಿತ್ತು. ವೆಂಕಟೇಶ್ ಮತ್ತು ಗ್ಯಾರೇಜಿನ ಇನ್ನೊಬ್ಬ ಮೆಕ್ಯಾನಿಕ್ ಜಗನ್‌ನನ್ನು ನೆಲಕ್ಕೆ ಕೆಡವಿ ಕೈಗಳನ್ನು ಚಾಚಿಸಿ ಹಿಡಿದರು. ಕನಕರಾಜ್ ಒಂದು ಗಳಿಗೆ ನಿಂತ. ಬಿಟ್ಟುಬಿಡುತ್ತಾನೆ ಎಂದುಕೊಂಡೆ. ಅವನು ಬಗ್ಗಿ ಜಗನ್‌ನ ಜೇಬಿನಿಂದ ಗ್ಲೌಸು ಎಳೆದುಕೊಂಡ. ತನ್ನ ಕೈಗೆ ಹಾಕಿಕೊಂಡ.

ನಾನು ನುಗ್ಗಿದೆ. ಕನಕರಾಜನ ತೋಳು ಹಿಡಿದು ಜಗ್ಗಿದೆ. ಯಾರೋ ಜಡೆ ಹಿಡಿದು ಎಳೆದರು. ಟೈರುಗಳ ಮೇಲೆ ಬಿದ್ದೆ. ಕೂಗಿದೆ. ಟೀ ಅಂಗಡಿಯಲ್ಲಿ ಜನ ಇದ್ದರು. ಪರಿಚಯದ ಮುಖಗಳಿದ್ದವು. ನನ್ನ ಶಾಲೆಯ ಮಕ್ಕಳ ಅಪ್ಪಂದಿರಿದ್ದರು. ಎಲ್ಲರೂ ನೋಡಿದರು. ಒಬ್ಬನೂ ರಸ್ತೆ ದಾಟಲಿಲ್ಲ.

ಸುಯ್ ಎಂದು ಸದ್ದಾಯಿತು.

ಜಗನ್ ಮೊದಲು ಕೂಗಲಿಲ್ಲ. ಕನಕರಾಜನ ಮುಖ ನೋಡುತ್ತಿದ್ದ. ಬೆರಳುಗಳು ಬೆಳ್ಳಗಾದವು. ಮಂಜು ಕೂತಂತೆ. ಆಮೇಲೆ ಕೂಗಿದ. ಆ ಕೂಗನ್ನು ಬರೆಯಲು ನನಗೆ ಬರುವುದಿಲ್ಲ.

"ನಡೀರಿ," ಎಂದ ಚೆನ್ನರಾಯಪ್ಪ. "ಕಾರಿಗೆ ಪುಣ್ಯಾಹ ಮಾಡಿಸ್ಬೇಕು." ಏಸಿ ಹಾಕಿಸಿಕೊಂಡು ಗ್ಲಾಸು ಏರಿಸಿ ಹೋದ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದರು. ನಾನು ಬಾಯಿ ತೆರೆದೆ. ಜಗನ್ ನನಗಿಂತ ಮುಂಚೆ ಹೇಳಿದ. "ಕೆಲ್ಸ ಮಾಡೋವಾಗ ಲೀಕ್ ಆಯ್ತು ಸಾರ್."

ಹೊರಗೆ ಬಂದ ಮೇಲೆ ನಾನು ಅವನ ಮೇಲೆ ಹರಿಹಾಯ್ದೆ. ನಾನೇ ಕಂಪ್ಲೇಂಟ್ ಬರೆಯುತ್ತೇನೆ, ನಾನೇ ಸಾಕ್ಷಿ, ಇದಕ್ಕೆ ಕಾನೂನಿದೆ ಎಂದೆ.

"ಬರೆಯಣ ಅಕ್ಕ. ಸರ್ಟಿಫಿಕೇಟ್ ಕೈಗೆ ಬರ್ಲಿ. ಆ ಚೆನ್ನರಾಯಪ್ಪ ಒಂದ್ ಫೋನ್ ಮಾಡಿದ್ರೆ ಅದೂ ನಿಂತೋಗ್ತದೆ. ಬಂದ್ ಮೇಲೆ ಹೋಗಣ. ಆಣೆ." ಎರಡೂ ಕೈಗೆ ಕಟ್ಟು. ಆಣೆ ಮಾಡಲು ಕೈ ಚಾಚಿದ. ನಾನು ಆ ಕಟ್ಟನ್ನು ಮುಟ್ಟಲಿಲ್ಲ.

ಮನೆಯಲ್ಲಿ ಅಮ್ಮ ಕಟ್ಟು ನೋಡಿ ಏನಾಯಿತು ಎಂದು ಕೇಳಿದಳು. ಜಗನ್ ಅವಳಿಗೂ ಗ್ಯಾಸ್ ಲೀಕ್ ಆಯಿತು ಎಂದೇ ಹೇಳಿದ. ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಸಿಟ್ಟಾದಳು.

"ಗೌಸು ಹಾಕ್ಕೊಂಡಿರ್ಲಿಲ್ವೇನೋ?"

"ಮರೆತಿದ್ದೆ ಅಮ್ಮ."

"ಮರೆತ್ಯಾ? ಕೈಗೆ ಗೌಸು ಕೊಟ್ರೂ ಮರೆತ್ಯಾ? ನಮಗೆ ಕೊಡ್ಲಿಲ್ಲ ಕಣೋ ಯಾರೂ! ಕೊಟ್ಟಿದ್ರೆ ನಾವು ಮರೀತಿದ್ವಾ?"

ಜಗನ್ ಬೈಸಿಕೊಂಡ. ತಲೆ ತಗ್ಗಿಸಿ, ನಿಜವಾಗಿಯೂ ಮರೆತವನ ಹಾಗೆ ಬೈಸಿಕೊಂಡ. ನಾನು ಪಟದ ಕೆಳಗಿನ ಖಾಲಿ ಜಾಗ ನೋಡುತ್ತಾ ನಿಂತಿದ್ದೆ.

ಬೊಬ್ಬೆ ಬಂತು. ಉಗುರು ಬಿತ್ತು. ಕಪ್ಪು ಚರ್ಮ ಕಳಚಿ ಹೊಸ ಚರ್ಮ ಬಂತು. ಅಮ್ಮನೇ ತುತ್ತು ಮಾಡಿ ಉಣಿಸಿದಳು. ಪ್ರತಿ ಸಂಜೆ ಒಂದೇ ಪ್ರಶ್ನೆ. "ಬೆರಳಿಗೆ ಗೊತ್ತಾಗ್ತದೇನಪ್ಪ?" ಅವನು "ಗೊತ್ತಾಗ್ತದಮ್ಮ" ಎನ್ನುತ್ತಿದ್ದ. ಅಮ್ಮ ಉಸಿರು ಬಿಡುತ್ತಿದ್ದಳು. ನಾನೂ ನಂಬಿದೆ. ಮನಸ್ಸಿನಲ್ಲೇ ಕಂಪ್ಲೇಂಟಿನ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದೆ. ಹೆಸರುಗಳು, ಜಾಗ, ಹೊತ್ತು, ಟೀ ಅಂಗಡಿಯಲ್ಲಿದ್ದವರು. ಪಾಠ ಮಾಡುವಾಗಲೂ ಅದೇ.

ಸರ್ಟಿಫಿಕೇಟು ಬಂತು. ಅದರ ಹಿಂದೆಯೇ ವರ್ಕ್‌ಶಾಪಿನಿಂದ ಸೋಮವಾರ ಬಾ ಎಂದು ಕರೆ ಬಂತು. ಅಮ್ಮ ಕಾಲೋನಿಗೆಲ್ಲ ಬೆಲ್ಲ ಹಂಚಿದಳು. ನಾನು ಜಗನ್‌ನ ಕಡೆ ನೋಡಿದೆ. ಅವನು ಬೇರೆ ಕಡೆ ನೋಡಿದ.

ಆ ರಾತ್ರಿಯೇ ಕಡ್ಡಿ ಗೀರಿದ ಸದ್ದು ಕೇಳಿದ್ದು.

ಕೊನೆಗೂ ಎದ್ದೆ. ಪರದೆ ಸರಿಸಿದೆ. ಜಗನ್ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದು ಕೈಯಲ್ಲಿ ಉರಿಯುವ ಕಡ್ಡಿ. ಇನ್ನೊಂದು ಕೈಯ ಬೆರಳು ಉರಿಯ ಮೇಲೆ. ಮುಖದಲ್ಲಿ ನೋವಿರಲಿಲ್ಲ. ದೂರದ ಸದ್ದಿಗೆ ಕಿವಿಗೊಟ್ಟವನ ಹಾಗೆ ಕಾಯುತ್ತಿದ್ದ. ಸುತ್ತ ಸುಟ್ಟ ಕಡ್ಡಿಗಳು.

ಊದಿ ಆರಿಸಿದೆ. "ಏನೋ ಇದು?" ಎಂದೆ ಪಿಸುಗುಟ್ಟಿ.

"ಗೊತ್ತಾಗ್ತದಾ ಅಂತ ನೋಡ್ತಿದ್ದೆ."

"ಗೊತ್ತಾಯ್ತಾ?"

ಕತ್ತಲಲ್ಲಿ ಅವನು ತಲೆಯಾಡಿಸಿದ. ಇಲ್ಲ.

"ಒಂದ್ ಬೆರಳಾದ್ರೂ?"

"ಒಂದೂ ಇಲ್ಲ ಅಕ್ಕ. ಎರಡೂ ಕೈ."

ಅವನ ಪಕ್ಕ ಕೂತೆ. ಪರದೆಯ ಆಚೆ ಅಮ್ಮನ ಗೊರಕೆ ಕೇಳುತ್ತಿತ್ತು. ನಾಳೆಯೇ ಸ್ಟೇಷನ್ನಿಗೆ ಹೋಗೋಣ ಎಂದೆ. ಈಗಂತೂ ಬಿಡಬಾರದು ಎಂದೆ.

"ಹೋದ್ರೆ ಏನಾಗ್ತದೆ ಹೇಳು," ಎಂದ ಜಗನ್. "ಡಾಕ್ಟ್ರ ಹತ್ರ ಕಳಿಸ್ತಾರೆ. ಡಾಕ್ಟ್ರು ನಿಜ ಬರೀತಾರೆ. ಬೆರಳಲ್ಲಿ ಸ್ಪರ್ಶ ಇಲ್ಲ ಅಂತ. ಅದು ಬರೀದೆ ಕೇಸು ನಿಲ್ಲಲ್ಲ. ಅದು ಬರೆದ್ರೆ ನನ್ ಕೆಲ್ಸ ಉಳಿಯಲ್ಲ. ಬಿಸಿ ಯಾವುದು ತಣ್ಣಗೆ ಯಾವುದು ಗೊತ್ತಾಗದೋನ್ಗೆ ಏಸಿ ಬಿಚ್ಚಾಕೆ ಯಾರು ಬಿಡ್ತಾರೆ ಅಕ್ಕ?"

ನಾನು ಬಿ.ಎ. ಓದಿದವಳು. ಕಾನೂನಿದೆ ಎಂದವಳು. ಅವರು ಬೆರಳು ತೆಗೆದುಕೊಂಡಿದ್ದರು. ಬೆರಳು ತೆಗೆದುಕೊಂಡೆವು ಎಂದು ಹೇಳುವ ಬಾಯಿಯನ್ನೂ ತೆಗೆದುಕೊಂಡಿದ್ದರು.

"ಪೈಪು ಹೆಂಗೋ ನೋಡ್ತೀಯ?"

ಅವನು ಕೈ ಎತ್ತಿದ. ಕೈಯ ಹಿಂಬದಿಯನ್ನು ನನ್ನ ಹಣೆಗೆ ತಾಗಿಸಿದ. "ಅಮ್ಮ ಜ್ವರ ನೋಡಲ್ವಾ. ಹಂಗೆ."

ಆಗ ಅತ್ತೆ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅಮ್ಮ ಏಳಬಾರದಿತ್ತು.

ಸೋಮವಾರ ಬೆಳಿಗ್ಗೆ ಅಮ್ಮ ಜಗನ್‌ಗೋಸ್ಕರ ಬೇಗ ಎದ್ದು ಹುರುಳಿಕಾಳಿನ ಸಾರು ಮಾಡಿದಳು. ಮುದ್ದೆ ಕಟ್ಟುತ್ತಾ ಗೋಡೆಯ ಕಡೆ ತಿರುಗಿ ಕೂತಿದ್ದಳು. "ಸಾರು ಇಳಿಸ್ಕೊಳ್ಳಪ್ಪ, ಬಸ್ಸಿಗೆ ಹೊತ್ತಾಯ್ತು," ಎಂದಳು. ಜಗನ್ ಒಲೆಯ ಹತ್ತಿರ ಹೋದ. ಬಗ್ಗಿದ. ಕುದಿಯುವ ಪಾತ್ರೆಯ ಅಂಚನ್ನು ಎರಡೂ ಬರಿಗೈಯಲ್ಲಿ ಹಿಡಿದು ಎತ್ತಿದ.

ಅಮ್ಮ ಎತ್ತುವ ಹಾಗೆಯೇ ಎತ್ತಿದ.

ನಾನು ಹಾರಿ ಹೋಗಿ ಮಸಿಬಟ್ಟೆಯನ್ನು ಅವನ ಕೈಗೂ ಪಾತ್ರೆಗೂ ನಡುವೆ ತುರುಕಿದೆ. ನನ್ನ ಬೆರಳು ಸುಟ್ಟಿತು. ಸದ್ದು ಮಾಡಲಿಲ್ಲ. ಅಷ್ಟರಲ್ಲಿ ಅಮ್ಮ ತಿರುಗಿದಳು.

"ಏನೇ ಅದು, ಅವನ ಕೈ ಹಿಡ್ಕೊಂಡು ನಿಂತಿದ್ದೀಯ?"

"ಮಸಿಬಟ್ಟೆ ಕೊಡ್ತಿದ್ದೆ ಅಮ್ಮ."

"ಕೊಡು, ಕೊಡು." ಅಮ್ಮ ಮತ್ತೆ ಮುದ್ದೆಗೆ ತಿರುಗಿದಳು. ಬಿಸಿ ಹಿಟ್ಟನ್ನು ಸತ್ತ ಬೆರಳುಗಳಿಂದ ಉಂಡೆ ಕಟ್ಟುತ್ತಾ ಹೇಳಿದಳು, "ಬೆರಳು ಹುಷಾರು ಕಣಪ್ಪ. ದೇವ್ರು ದೊಡ್ಡೋನು. ಅಷ್ಟೆಲ್ಲ ಆದ್ರೂ ನಿನ್ನ ಬೆರಳು ಉಳಿಸಿದ."

ಜಗನ್ ನನ್ನ ಕಡೆ ನೋಡಿದ. ಬೇಡ ಎಂದು ಕಣ್ಣಿನಲ್ಲೇ ಕೇಳಿದ.

ಜೋಡಿಸಿಟ್ಟ ವಾಕ್ಯಗಳೆಲ್ಲ ನನ್ನೊಳಗೆ ಇದ್ದವು. ಹೆಸರುಗಳಿದ್ದವು. ಒಂದೂ ಮರೆತಿರಲಿಲ್ಲ. ಮಸಿಬಟ್ಟೆಯನ್ನು ಮಡಿಸಿ ಅವನ ಊಟದ ಚೀಲದಲ್ಲಿ ಇಟ್ಟೆ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಪೊಲೀಸರಿಗೂ ಇಲ್ಲ, ಶಾಲೆಯಲ್ಲೂ ಇಲ್ಲ, ಕಾಲೋನಿಯಲ್ಲೂ ಇಲ್ಲ. ಅಮ್ಮನಿಗಂತೂ ಎಂದಿಗೂ ಇಲ್ಲ.